ಮೊದಲ ಸಲ ಸಿಂಫನಿ ಕಛೇರಿಗೆ: ಟಿಕೆಟ್‌ನಿಂದ ಕೊನೆಯ ಚಪ್ಪಾಳೆಯವರೆಗೆ

ಸಿಂಫನಿ ಆರ್ಕೆಸ್ಟ್ರಾ ಕೇಳಬೇಕೆಂಬ ಆಸೆಯಿದ್ದೂ ಹಿಂದೆ ಸರಿಯುವವರನ್ನು ವಿಚಾರಿಸಿ ನೋಡಿ. ಅವರ ಅಂಜಿಕೆ ಸಂಗೀತದ ಬಗ್ಗೆ ಅಲ್ಲ, ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರುವವರ ಬಗ್ಗೆ. ಏನು ಉಡಬೇಕು, ಎಲ್ಲಿ ಚಪ್ಪಾಳೆ ತಟ್ಟಬೇಕು, ಕೆಮ್ಮು ಬಂದರೆ ಏನು ಗತಿ! ಈ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭ, ಕೆಳಗೆ ಕೊಟ್ಟಿದ್ದೇನೆ. ಆದರೆ ಯಾರೂ ಮೊದಲೇ ಹೇಳಿಕೊಡದ ವಿಷಯ ಬೇರೆಯೇ ಇದೆ. ಆರ್ಕೆಸ್ಟ್ರಾ ಕೇಳುವುದಕ್ಕೆ ಎಷ್ಟೋ ಅಷ್ಟೇ ನೋಡುವುದಕ್ಕೂ ಇರುವಂಥದು. ವೇದಿಕೆಯ ಮೇಲೆ ಯಾರು ವಾದ್ಯವನ್ನು ಎತ್ತಿಕೊಳ್ಳುತ್ತಿದ್ದಾರೆ, ಯಾರು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿಟ್ಟರೆ, ಬರಲಿರುವ ನಾದದ ಸುಳಿವು ಮೊದಲೇ ಸಿಗುತ್ತದೆ. ಕಣ್ಣು ದಾರಿ ತೋರಿಸಿದರೆ ಕಿವಿ ತಾನಾಗಿ ಹಿಂದೆ ಬರುತ್ತದೆ. ಟಿಕೆಟ್ ಕೊಳ್ಳುವಾಗಿನಿಂದಲೇ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕಾರ್ಯಕ್ರಮವನ್ನು ಆರಿಸುವುದು

ಹೆಚ್ಚಿನ ಕಛೇರಿಗಳಿಗೆ ಒಂದು ರೂಢಿಯ ಮೈಕಟ್ಟು ಇರುತ್ತದೆ. ಮೊದಲು ಹತ್ತು ನಿಮಿಷದ ಆಸುಪಾಸಿನ ಒಂದು ಚಿಕ್ಕ ಕೃತಿ, ಬಹುಪಾಲು ಓವರ್ಚರ್, ಅಂದರೆ ಮುನ್ನುಡಿಯಂಥ ವಾದ್ಯರಚನೆ. ಅನಂತರ ಅರ್ಧ ಗಂಟೆಯ ಕನ್ಚೆರ್ಟೊ. ಇದರಲ್ಲಿ ಪಿಯಾನೊ, ವಯೊಲಿನ್ ಅಥವಾ ಚೆಲ್ಲೊ ನುಡಿಸುವ ಒಬ್ಬ ಏಕವಾದಕ ಮುಂದೆ, ಉಳಿದ ವಾದ್ಯವೃಂದ ಹಿಂದೆ. ಬಳಿಕ ವಿರಾಮ. ವಿರಾಮದ ನಂತರ ಮುಖ್ಯ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ದೊಡ್ಡ ರಚನೆ, ಮುಕ್ಕಾಲು ಗಂಟೆಯಷ್ಟು. ಒಟ್ಟು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಇದು ಹೆಚ್ಚೆನಿಸಿದರೆ ಒಂದು ಸಮಾಧಾನವಿದೆ: 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಬೀಥೋವನ್ ತನ್ನ ಐದನೆಯ ಮತ್ತು ಆರನೆಯ ಸಿಂಫನಿಗಳನ್ನೂ ಒಂದು ಪಿಯಾನೊ ಕನ್ಚೆರ್ಟೊವನ್ನೂ ಇನ್ನೂ ಹಲವು ರಚನೆಗಳನ್ನೂ ಒಂದೇ ಸಂಜೆ ಕೇಳಿಸಿದ. ಕೊರೆಯುವ ಚಳಿಯ ರಂಗಮಂದಿರದಲ್ಲಿ ಜನ ಸುಮಾರು ನಾಲ್ಕು ಗಂಟೆ ಕೂತಿದ್ದರು.

ಮೊದಲ ಸಲಕ್ಕೆ ನನ್ನ ಶಿಫಾರಸು ಬೀಥೋವನ್‌ನ ಐದನೆಯ ಸಿಂಫನಿ ಅಥವಾ ಡ್ವೊರ್ಜಾಕ್‌ನ ಒಂಬತ್ತನೆಯದು. ಎರಡರಲ್ಲೂ ರಾಗಗಳು ಬೇಗ ನೆನಪಿನಲ್ಲಿ ನಿಲ್ಲುತ್ತವೆ, ನೋಡುವುದಕ್ಕೂ ಬೇಕಾದಷ್ಟಿದೆ. ರಾವೆಲ್‌ನ ಬೊಲೆರೊ ಸಿಕ್ಕಿದರೆ ಬಿಡಬೇಡಿ. ಸುಮಾರು ಹದಿನೈದು ನಿಮಿಷ ಒಂದೇ ತಾಳದ ಮೇಲೆ ರಾಗ ಒಂದು ವಾದ್ಯದಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಹೋಗುತ್ತದೆ. ವಾದ್ಯಗಳ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಾಲರ್‌ನ ಮೂರನೆಯ ಸಿಂಫನಿಯನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ಅದ್ಭುತ ಕೃತಿ ನಿಜ, ಆದರೆ ಆರು ಭಾಗಗಳು, ಒಂದೂವರೆ ಗಂಟೆ. ಮಕ್ಕಳನ್ನು ಕರೆದೊಯ್ಯುವುದಿದ್ದರೆ ಅವರಿಗಾಗಿಯೇ ಏರ್ಪಡಿಸುವ ಒಂದು ಗಂಟೆಯ ಕಛೇರಿಗಳನ್ನು ಹುಡುಕಿ. ಕೆಲವು ಆರ್ಕೆಸ್ಟ್ರಾಗಳು ಕೊನೆಯ ತಾಲೀಮಿಗೂ ಪ್ರೇಕ್ಷಕರನ್ನು ಬಿಡುತ್ತವೆ. ಅಗ್ಗದ ದಾರಿ ಅದು. ಆದರೆ ಕೃತಿ ಮಧ್ಯೆ ಮಧ್ಯೆ ನಿಲ್ಲಬಹುದು.

ಕೂರುವ ಜಾಗ

ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಏಕೆಂದರೆ ದುಬಾರಿ ಆಸನವೇ ಒಳ್ಳೆಯ ಆಸನವೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ಸಾಲಿನಲ್ಲಿ ಕೂತರೆ ಕಾಣುವುದು ವಯೊಲಿನ್ ವಾದಕರ ಬೂಟುಗಳು, ಕೇಳುವುದು ಹತ್ತಿರದ ಕೆಲವು ತಂತಿಗಳು. ಹಿಂದೆ ಕೂತ ಕ್ಲಾರಿನೆಟ್, ಹಾರ್ನ್, ತಾಳವಾದ್ಯದವರು ಕಣ್ಣಿಗೇ ಬೀಳುವುದಿಲ್ಲ. ನೋಡಲೆಂದೇ ಹೋಗುವವರಿಗೆ ಮೊದಲ ಬಾಲ್ಕನಿಯ ಮುಂದಿನ ಸಾಲುಗಳು ಸರಿ. ಇಡೀ ವೇದಿಕೆ ನಕ್ಷೆಯಂತೆ ಕಾಣುತ್ತದೆ, ನಾದವೂ ಒಂದಾಗಿ ಬೆರೆತು ಮೇಲೆ ಬರುತ್ತದೆ. ಕೆಳಗೆ ಕೂರುವುದಾದರೆ ಮಧ್ಯದ ಸಾಲುಗಳು ಚೆನ್ನ. ಬಾಲ್ಕನಿಯ ಚಾವಣಿ ತಲೆಯ ಮೇಲೆ ಚಾಚಿಕೊಂಡಿರುವ ತೀರಾ ಹಿಂದಿನ ಸಾಲುಗಳನ್ನು ಬಿಡಿ; ಮೇಲಿನಿಂದ ಮರಳಿ ಬರುವ ದನಿ ಅಲ್ಲಿಗೆ ತಲುಪದೆ ಎಲ್ಲವೂ ಮಂಕಾಗಿ ಕೇಳಿಸುತ್ತದೆ. ಪಿಯಾನೊ ಕನ್ಚೆರ್ಟೊ ಇದ್ದರೆ ಪ್ರೇಕ್ಷಕರ ಎಡಬದಿಯನ್ನು ಆರಿಸಿಕೊಳ್ಳಿ, ವಾದಕರ ಬೆರಳುಗಳು ಕಾಣುವುದು ಅಲ್ಲಿಂದ.

ಸಭಾಂಗಣದ ಆಕಾರಕ್ಕೂ ಇದರಲ್ಲಿ ಪಾಲಿದೆ. ವಿಯೆನ್ನಾದ ಮ್ಯೂಸಿಕ್‌ಫೆರೈನ್ (1870), ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಗೆಬೌ (1888), ಬಾಸ್ಟನ್‌ನ ಸಿಂಫನಿ ಹಾಲ್ (1900) ಇವೆಲ್ಲ ಉದ್ದನೆಯ ಪೆಟ್ಟಿಗೆಯಾಕಾರದವು, ಮೂರೂ ನಾದಕ್ಕೆ ಹೆಸರಾದವು. ಅಕ್ಕಪಕ್ಕದ ಗೋಡೆಗಳಿಂದ ತಿರುಗಿ ಬರುವ ದನಿ ಕೇಳುಗನನ್ನು ಸುತ್ತುವರಿಯುತ್ತದೆ. 1963ರಲ್ಲಿ ತೆರೆದ ಬರ್ಲಿನ್ ಫಿಲ್‌ಹಾರ್ಮೊನಿಯಲ್ಲಿ ವೇದಿಕೆಯನ್ನು ನಡುವಿಗೆ ತಂದು ಸುತ್ತಲೂ ಮೆಟ್ಟಿಲುಮೆಟ್ಟಿಲಾಗಿ ಆಸನಗಳನ್ನು ಜೋಡಿಸಿದರು. ಇಂಥ ಸಭಾಂಗಣಗಳಲ್ಲಿ ವಾದ್ಯವೃಂದದ ಬೆನ್ನ ಹಿಂದೆಯೂ ಟಿಕೆಟ್ ಸಿಗುತ್ತದೆ, ಅದೂ ಕಡಿಮೆ ದರಕ್ಕೆ. ಹಿತ್ತಾಳೆ ವಾದ್ಯಗಳೂ ನಗಾರಿಗಳೂ ಅಲ್ಲಿ ಕಿವಿಗೆ ಅಪ್ಪಳಿಸುತ್ತವೆ, ಹಾಡುಗಾರರಿದ್ದರೆ ಅವರ ದನಿ ಆಚೆ ಕಡೆಗೆ ಹೋಗಿಬಿಡುತ್ತದೆ. ಆದರೆ ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವ ಕಂಡಕ್ಟರ್‌ನ ಮುಖ ವಾದಕರಿಗೆ ಕಾಣುವಂತೆಯೇ ನಿಮಗೂ ಕಾಣುತ್ತದೆ. ಎರಡನೆಯ ಸಲಕ್ಕೆ ಈ ಜಾಗವನ್ನು ಕಾದಿಟ್ಟುಕೊಳ್ಳಿ.

ಹಿಂದಿನ ವಾರದ ಸಿದ್ಧತೆ

ಮುಖ್ಯ ಕೃತಿಯನ್ನು ಎರಡು ಮೂರು ಸಲ ಕೇಳಿಕೊಂಡು ಹೋಗಿ. ಮೊದಲ ಸಲ ಬೇರೆ ಕೆಲಸ ಮಾಡುತ್ತಲೇ ಕೇಳಿದರೂ ಸಾಕು. ಎರಡನೆಯ ಸಲ ಕೂತು, ಪ್ರತಿ ಭಾಗದಲ್ಲಿ ಗುನುಗಬಹುದಾದ ಒಂದು ರಾಗವನ್ನು ಗುರುತಿಟ್ಟುಕೊಳ್ಳಿ. ಸಂಗೀತಶಾಸ್ತ್ರದ ಪುಸ್ತಕ ಹಿಡಿಯುವ ಅಗತ್ಯವಿಲ್ಲ. ಗುರುತಿಟ್ಟುಕೊಂಡ ರಾಗ ಕಛೇರಿಯಲ್ಲಿ ಮರಳಿ ಬಂದಾಗ ಆಗುವ ಸಂತೋಷವೇ ಈ ಸಂಗೀತದ ಅರ್ಧ ರುಚಿ. ಗುರುತು ಹತ್ತಲಿ ಎಂದೇ ರಚನಕಾರರು ರಾಗವನ್ನು ವೇಷ ಬದಲಿಸಿ ಮತ್ತೆ ಮತ್ತೆ ಕಳಿಸುತ್ತಾರೆ.

ಕಾರ್ಯಕ್ರಮ ಪಟ್ಟಿಯನ್ನು ಓದುವ ಬಗೆ ತಿಳಿದಿರಲಿ. ‘ಸಿಂಫನಿ ಸಂಖ್ಯೆ 9, ಇ ಮೈನರ್, ಓಪಸ್ 95’ ಎಂದಿದ್ದರೆ ಅದು ಡ್ವೊರ್ಜಾಕ್‌ನ ಒಂಬತ್ತನೆಯ ಸಿಂಫನಿ, ಆಧಾರ ಸ್ವರಶ್ರೇಣಿ ಇ ಮೈನರ್, ಓಪಸ್ ಎಂದರೆ ಪ್ರಕಟಣೆಗೆ ಕೊಟ್ಟ ಕೃತಿಸಂಖ್ಯೆ, ಇದರದು 95. ಮೊಜಾರ್ಟ್‌ನ ಕೃತಿಗಳ ಮುಂದೆ ಬರುವ ‘ಕೆ’ ಅಕ್ಷರ, 1862ರಲ್ಲಿ ಆತನ ರಚನೆಗಳ ಪಟ್ಟಿ ಮಾಡಿದ ಕ್ಯೋಶೆಲ್‌ನದು. ಹೆಸರಿನ ಕೆಳಗೆ ನಾಲ್ಕು ಸಾಲು ಕಾಣುತ್ತವೆ: ಅಡಾಜಿಯೊ–ಅಲೆಗ್ರೊ ಮೋಲ್ತೊ, ಲಾರ್ಗೊ, ಸ್ಕೆರ್ಟ್ಸೊ, ಅಲೆಗ್ರೊ ಕೊನ್ ಫುವೋಕೊ. ಇವು ನಾಲ್ಕು ಭಾಗಗಳ, ಅಂದರೆ ಮೂವ್‌ಮೆಂಟ್‌ಗಳ, ವೇಗ ಮತ್ತು ಮನೋಭಾವದ ಸೂಚನೆಗಳು. ಅಲೆಗ್ರೊ ಎಂದರೆ ಚುರುಕು, ಲಾರ್ಗೊ ಎಂದರೆ ಬಲು ನಿಧಾನ. ಸಾಲುಗಳ ಎಣಿಕೆಯನ್ನು ನೆನಪಿನಲ್ಲಿಡಿ, ಚಪ್ಪಾಳೆಯ ಹೊತ್ತಿಗೆ ಬೇಕಾಗುತ್ತದೆ.

ಹೊರಡುವ ದಿನ

ಉಡುಪಿನ ಮಾತನ್ನು ಬೇಗ ಮುಗಿಸೋಣ. ಕರಿ ಕೋಟು ತೊಡುವುದು ವೇದಿಕೆಯ ಮೇಲಿನವರ ಪಾಡು. ನಿಮ್ಮದು ಚೊಕ್ಕಟವಾಗಿದ್ದು, ಎರಡು ಗಂಟೆ ಅಲುಗಾಡದೆ ಕೂರಲು ಹಿತವಾಗಿದ್ದರೆ ಸಾಕು. ಸುಗಂಧದ್ರವ್ಯ ಮಾತ್ರ ಕಡಿಮೆ ಇರಲಿ.

ಅರ್ಧ ಗಂಟೆ ಮೊದಲೇ ತಲುಪಿ. ಸಂಗೀತ ಶುರುವಾದ ಮೇಲೆ ಬಾಗಿಲು ಮುಚ್ಚುತ್ತಾರೆ. ತಡವಾಗಿ ಬಂದವರು ಮೊದಲ ಕೃತಿ ಮುಗಿಯುವವರೆಗೆ ಹೊರಗೆ ನಿಲ್ಲಬೇಕು, ಕೆಲವೊಮ್ಮೆ ವಿರಾಮದವರೆಗೂ. ಬೇಗ ಬಂದವರಿಗೆ ಕಾರ್ಯಕ್ರಮದ ಪುಸ್ತಿಕೆ ಓದಲು ಸಮಯ ಸಿಗುತ್ತದೆ. ಹಾಳೆ ಮಗುಚುವ ಸದ್ದು ಆಮೇಲೆ ಬೇಡ.

ಮೊಬೈಲನ್ನು ಸೈಲೆಂಟ್ ಮಾಡುವುದಲ್ಲ, ಪೂರ್ತಿ ಆರಿಸಿ. ಇದಕ್ಕೆ ಕಾರಣವಿದೆ. 2012ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಮಾಲರ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿದ್ದಾಗ ಮುಂದಿನ ಸಾಲಿನ ಫೋನೊಂದು ಬಾರಿಸತೊಡಗಿತು. ಅದು ನಿಲ್ಲಲೇ ಇಲ್ಲ. ಕಂಡಕ್ಟರ್ ಅಲನ್ ಗಿಲ್ಬರ್ಟ್ ಕೊನೆಗೆ ಇಡೀ ಆರ್ಕೆಸ್ಟ್ರಾವನ್ನೇ ನಿಲ್ಲಿಸಿದರು. ಫೋನಿನ ಯಜಮಾನರು ಸೈಲೆಂಟ್ ಮಾಡಿಯೇ ಬಂದಿದ್ದರು. ಬಾರಿಸಿದ್ದು ಅಲಾರಂ, ಅದಕ್ಕೆ ಸೈಲೆಂಟ್ ಎಂಬುದು ಲೆಕ್ಕಕ್ಕಿಲ್ಲ. ಗಂಟೆಗೊಮ್ಮೆ ಸದ್ದು ಮಾಡುವ ಕೈಗಡಿಯಾರಕ್ಕೂ ಇದೇ ಮಾತು.

ಕೆಮ್ಮಿನ ಗುಳಿಗೆಯ ಕಾಗದವನ್ನು ಹೊರಗಡೆಯೇ ಬಿಚ್ಚಿಟ್ಟುಕೊಳ್ಳಿ. ಒಳಗೆ ಕೂತು ಮೆಲ್ಲಗೆ ಬಿಚ್ಚಿದರೆ ಸದ್ದು ಕಡಿಮೆಯಾಗುವುದಿಲ್ಲ. ಮಡಿಕೆಗಳು ಒಂದೊಂದಾಗಿ ಚಟಕ್ಕನೆ ಸಿಡಿಯುತ್ತವೆ, ನಿಧಾನ ಮಾಡಿದಷ್ಟೂ ಆ ಚಟಪಟ ಉದ್ದವಾಗುತ್ತದೆ ಅಷ್ಟೆ. ಕೆಮ್ಮು ತಡೆಯಲಾಗದಿದ್ದರೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳಿ, ಆದಷ್ಟು ಜೋರಾದ ಜಾಗಕ್ಕೆ ಕಾಯಿರಿ. ಭಾಗಗಳ ನಡುವೆ ಇಡೀ ಸಭಾಂಗಣವೇ ಕೆಮ್ಮುವುದು ಕೇಳಿಸುತ್ತದೆ, ಅಲ್ಲಿ ನೀವೂ ಸೇರಿಕೊಳ್ಳಬಹುದು.

ಶ್ರುತಿ ಕೂಡುವಾಗ

ಆರಂಭಕ್ಕೆ ಮೊದಲೇ ಹಲವು ವಾದಕರು ವೇದಿಕೆಯಲ್ಲಿ ಕೂತು ತಮ್ಮತಮ್ಮ ಪಾಡಿಗೆ ನುಡಿಸುತ್ತಿರುತ್ತಾರೆ. ಆ ಗದ್ದಲ ಬೆರಳು ತುಟಿಗಳನ್ನು ಬೆಚ್ಚಗೆ ಮಾಡಿಕೊಳ್ಳುವ ಕೆಲಸ. ಗಮನವಿಟ್ಟರೆ ಆ ಸಂಜೆಯ ಕಷ್ಟದ ಜಾಗಗಳು ತುಣುಕುತುಣುಕಾಗಿ ಕೇಳಿಸುತ್ತವೆ. ಈ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಎಡಕ್ಕೆ ವಯೊಲಿನ್‌ಗಳು, ಬಲಕ್ಕೆ ಚೆಲ್ಲೊ ಅಥವಾ ವಯೋಲಾ, ಅವುಗಳ ಹಿಂದೆ ಎತ್ತರದ ಡಬಲ್ ಬಾಸ್. ನಡುವೆ ಫ್ಲೂಟ್, ಒಬೊ, ಕ್ಲಾರಿನೆಟ್, ಬಸೂನ್. ಇವರ ಹಿಂದೆ ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಎಲ್ಲರಿಗಿಂತ ಹಿಂದೆ ಟಿಂಪನಿ ಎಂಬ ತಾಮ್ರದ ನಗಾರಿಗಳು ಮತ್ತು ಉಳಿದ ತಾಳವಾದ್ಯಗಳು. ಕಂಡಕ್ಟರ್‌ನ ಇಷ್ಟದಂತೆ ತಂತಿವಾದ್ಯಗಳ ಜಾಗ ಅದಲುಬದಲಾಗುವುದುಂಟು.

ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ವಯೊಲಿನ್‌ಗಳೇ ಹದಿನಾರು ಇರುತ್ತವೆ, ಒಬೊ ಎರಡು ಮೂರು. ಹದಿನಾರು ಜನ ಸೇರಿದರೆ ಸದ್ದು ಹದಿನಾರು ಪಟ್ಟು ಕೇಳಿಸುವುದಿಲ್ಲ. ಒಬ್ಬೊಬ್ಬರ ಸ್ವರವೂ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ಒಟ್ಟು ನಾದಕ್ಕೆ ಒಂದು ಮೈ, ಒಂದು ಮೃದುತ್ವ ಬರುತ್ತದೆ. ಅದಕ್ಕಾಗಿಯೇ ಅಷ್ಟು ಜನ.

ದೀಪ ಮಂಕಾದ ಮೇಲೆ ಮೊದಲ ವಯೊಲಿನ್‌ಗಳ ಮುಖ್ಯಸ್ಥ, ಅಂದರೆ ಕನ್ಸರ್ಟ್‌ಮಾಸ್ಟರ್, ಬರುವುದುಂಟು. ಇಲ್ಲಿ ಚಪ್ಪಾಳೆ ಇದೆ. ಆಗ ಒಬೊ ಒಂದೇ ಸ್ವರವನ್ನು ಎಳೆದು ಹಿಡಿಯುತ್ತದೆ. ಅದು ‘ಎ’ ಸ್ವರ. ಅಂತರರಾಷ್ಟ್ರೀಯ ಮಾನಕದಂತೆ ಸೆಕೆಂಡಿಗೆ 440 ಕಂಪನ, ಯುರೋಪಿನ ಅನೇಕ ಆರ್ಕೆಸ್ಟ್ರಾಗಳಲ್ಲಿ 442 ಅಥವಾ 443. ಒಬೊದ ದನಿ ಗದ್ದಲವನ್ನು ಸೀಳಿಕೊಂಡು ಬರುತ್ತದೆ, ಅಲುಗದೆ ನಿಲ್ಲುತ್ತದೆ. ಹಾಗಾಗಿ ಆ ಹೊಣೆ ಅದಕ್ಕೆ. ಎಲ್ಲರೂ ಶ್ರುತಿ ಸೇರಿಸಿಕೊಂಡು ಸುಮ್ಮನಾದ ಮೇಲೆ ಕಂಡಕ್ಟರ್ ಬರುತ್ತಾರೆ. ಮತ್ತೆ ಚಪ್ಪಾಳೆ. ಅವರು ನಿಮಗೆ ಬೆನ್ನು ತಿರುಗಿಸಿದಾಗ ಸದ್ದು ನಿಲ್ಲಬೇಕು.

ನುಡಿಸುವಾಗ ಎಲ್ಲಿ ನೋಡಬೇಕು

ಹೊಸಬರ ಕಣ್ಣು ಸಹಜವಾಗಿ ಕಂಡಕ್ಟರ್ ಮೇಲೆ ಅಂಟಿಕೊಳ್ಳುತ್ತದೆ. ಕೆಲವು ನಿಮಿಷ ಅಲ್ಲೇ ಇರಲಿ. ಬಲಗೈಯ ಕೋಲು ಲಯ ಹೇಳುತ್ತದೆ, ಎಡಗೈ ಭಾವ ಹೇಳುತ್ತದೆ, ‘ಇನ್ನೂ’, ‘ಸಾಕು’, ‘ಈಗ ನೀವು’ ಎಂದೆಲ್ಲ. ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಕೋಲು ಇಳಿದ ಮರುಗಳಿಗೆಗೆ ಸ್ವರ ಹೊರಡುತ್ತದೆ. ಮೊದಲು ನೋಡಿದಾಗ ವಾದಕರೇ ಹಿಂದುಳಿದರೇನೋ ಎನಿಸೀತು. ಅಷ್ಟಾದ ಮೇಲೆ ಕಂಡಕ್ಟರ್‌ನನ್ನು ಬಿಟ್ಟುಬಿಡಿ. ಅವರೊಬ್ಬರೇ ಅಲ್ಲಿ ಸದ್ದು ಮಾಡದವರು.

ಕಮಾನುಗಳನ್ನು ನೋಡಿ. ಒಂದು ಗುಂಪಿನ ಎಲ್ಲ ಕಮಾನುಗಳೂ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿಯುತ್ತವೆ. ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬುದನ್ನು ಮುಂಚೆಯೇ ತೀರ್ಮಾನಿಸಿ ಸ್ವರಲಿಪಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರುತ್ತಾರೆ. ಇಬ್ಬಿಬ್ಬರಿಗೆ ಒಂದೊಂದು ಸ್ಟ್ಯಾಂಡ್ ಇರುತ್ತದೆ. ಪುಟ ಮಗುಚುವ ಕೆಲಸ ಒಳಬದಿಯವರದು, ಪ್ರೇಕ್ಷಕರ ಬದಿಯವರು ನುಡಿಸುತ್ತಲೇ ಇರುತ್ತಾರೆ. ಹಾರ್ನ್ ವಾದಕರು ಬಿಡುವಿನಲ್ಲಿ ಕೊಳವೆ ಬಿಚ್ಚಿ ನೀರು ಸುರಿಯುವುದನ್ನು ಕಂಡು ಮುಖ ಸಿಂಡರಿಸಬೇಡಿ, ಅದು ಹೆಚ್ಚಿನಂಶ ಉಸಿರಿನ ತೇವ ತಣಿದು ಆದ ನೀರು. ಟಿಂಪನಿಯವರು ಸಂಗೀತ ನಡೆಯುತ್ತಿರುವಾಗಲೇ ನಗಾರಿಗೆ ಕಿವಿ ಹಚ್ಚಿ, ಬೆರಳಿನಿಂದ ಮೆಲ್ಲನೆ ತಟ್ಟಿ, ಶ್ರುತಿ ಬದಲಿಸುತ್ತಿರುತ್ತಾರೆ. ಸುತ್ತಲೂ ಎಂಬತ್ತು ಜನ ಬೇರೇನೋ ನುಡಿಸುತ್ತಿರುವಾಗ ಮುಂದೆ ಬರಲಿರುವ ಸ್ವರವನ್ನು ಮನಸ್ಸಿನಲ್ಲಿ ಹಿಡಿದಿಡುವ ಆ ಕಸುಬಿನ ಮುಂದೆ ನನಗೆ ಕಂಡಕ್ಟರ್‌ನ ಕೈಬೀಸಾಟ ಸಪ್ಪೆಯೆನಿಸುವುದುಂಟು.

ಕಣ್ಣು ಹೇಗೆ ಕಿವಿಗೆ ದಾರಿ ತೋರಿಸುತ್ತದೆ ಎಂಬುದಕ್ಕೆ ಬೀಥೋವನ್‌ನ ಐದನೆಯ ಸಿಂಫನಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಮೂವರು ಟ್ರೊಂಬೋನ್ ವಾದಕರು ಹಿಂದಿನ ಸಾಲಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಮೊದಲ ಭಾಗ ಮುಗಿಯುತ್ತದೆ, ಎರಡನೆಯದೂ ಮುಗಿಯುತ್ತದೆ, ಅವರಿಗೆ ಒಂದು ಸ್ವರವೂ ಇಲ್ಲ. ಮೂರನೆಯ ಭಾಗ ಕೊನೆಗೆ ಬರುತ್ತ ಪಿಸುಮಾತಿನಷ್ಟಾಗುತ್ತದೆ. ತಂತಿಗಳು ಒಂದೇ ಸ್ವರವನ್ನು ಎಳೆದು ನಿಲ್ಲುತ್ತವೆ, ಟಿಂಪನಿ ಮಾತ್ರ ಮೆಲ್ಲಗೆ ಬಡಿಯುತ್ತಿರುತ್ತದೆ. ಆಗ ಹಿಂದಿನ ಸಾಲಿನ ಕಡೆ ನೋಡಿ. ಮೂವರೂ ವಾದ್ಯ ಎತ್ತುತ್ತಾರೆ. ಸದ್ದು ಏರುತ್ತ ಏರುತ್ತ, ನಡುವೆ ಬಿಡುವೇ ಇಲ್ಲದೆ, ನಾಲ್ಕನೆಯ ಭಾಗ ಸ್ಫೋಟಿಸುತ್ತದೆ, ಅಷ್ಟು ಹೊತ್ತು ಕಾದಿದ್ದ ಟ್ರೊಂಬೋನ್‌ಗಳು ಅದರೊಳಗೆ ನುಗ್ಗುತ್ತವೆ. ಕಣ್ಣು ಮುಚ್ಚಿ ಕೇಳಿದವರಿಗೆ ಜೋರಾಯಿತೆಂದಷ್ಟೇ ತಿಳಿಯುತ್ತದೆ. ನೋಡುತ್ತಿದ್ದವರಿಗೆ ಯಾರು ಬಂದರೆಂಬುದೂ ತಿಳಿಯುತ್ತದೆ.

ಡ್ವೊರ್ಜಾಕ್‌ನ ಒಂಬತ್ತನೆಯದರಲ್ಲಿ ಟ್ಯೂಬಾದವರ ಮೇಲೆ ಕಣ್ಣಿಡಿ, ಅವರಿಗೆ ಇಡೀ ಸಿಂಫನಿಯಲ್ಲಿ ಕೆಲಸವಿರುವುದು ಎರಡನೆಯ ಭಾಗದಲ್ಲಿ ಮಾತ್ರ, ಅದೂ ಕೆಲವೇ ಸ್ವರ. ಅದೇ ಭಾಗದ ಪ್ರಸಿದ್ಧ ರಾಗವನ್ನು ನುಡಿಸುವುದು ಒಬೊದ ದೊಡ್ಡಣ್ಣನಾದ ಕೋರ್ ಆಂಗ್ಲೆ. ಕೊನೆಯ ಭಾಗದಲ್ಲಿ ಸಿಂಬಲ್ ಎಂಬ ದೊಡ್ಡ ತಾಳಗಳನ್ನು ಹಿಡಿದವರು ಎದ್ದು, ಒಂದೇ ಒಂದು ಸಲ, ಅದೂ ಮೆಲ್ಲಗೆ, ಹೊಡೆದು ಕೂರುತ್ತಾರೆ.

ಕನ್ಚೆರ್ಟೊದಲ್ಲಿ ಒಂದು ಹಂತಕ್ಕೆ ವಾದ್ಯವೃಂದ ವಾದ್ಯಗಳನ್ನು ಕೆಳಗಿಳಿಸುತ್ತದೆ, ಏಕವಾದಕ ಒಬ್ಬರೇ ನುಡಿಸುತ್ತ ಹೋಗುತ್ತಾರೆ. ಇದು ಕದೆಂತ್ಸ. ಹಳೆಯ ಕನ್ಚೆರ್ಟೊಗಳಲ್ಲಿ ಕೊನೆಗೆ ಎರಡು ಸ್ವರಗಳ ನಡುವೆ ಬೆರಳು ವೇಗವಾಗಿ ಕಂಪಿಸುತ್ತದೆ. ಕಂಡಕ್ಟರ್ ಕೋಲು ಎತ್ತುವುದು ಆಗ.

ನಡುವೆ ಮನಸ್ಸು ಎಲ್ಲೋ ಹೋದರೆ ಬೇಸರಪಡಬೇಡಿ, ಎಲ್ಲರಿಗೂ ಹೋಗುತ್ತದೆ. ಯಾರಾದರೂ ಒಬ್ಬ ವಾದಕರನ್ನು ಆರಿಸಿಕೊಂಡು ಐದು ನಿಮಿಷ ಅವರನ್ನೇ ಹಿಂಬಾಲಿಸಿ. ಡಬಲ್ ಬಾಸ್ ಇದಕ್ಕೆ ಒಳ್ಳೆಯದು. ಅದರ ಕೈ ನೋಡುತ್ತ ಕೂತರೆ, ಅಲ್ಲಿಯವರೆಗೆ ಕೇಳಿಸದೇ ಇದ್ದ ತಳದ ದನಿ ಕೇಳಿಸತೊಡಗುತ್ತದೆ.

ಚಪ್ಪಾಳೆ

ಇಂದಿನ ರೂಢಿ ಹೀಗೆ: ಭಾಗಗಳ ನಡುವೆ ಇಲ್ಲ, ಇಡೀ ಕೃತಿ ಮುಗಿದ ಮೇಲೆ. ಸಿಂಫನಿಗೆ ಸಾಧಾರಣವಾಗಿ ನಾಲ್ಕು ಭಾಗ, ಕನ್ಚೆರ್ಟೊಗೆ ಮೂರು. ಹಾಗೆಂದು ಇದು ಅನಾದಿಕಾಲದ ಶಾಸ್ತ್ರವೇನಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿಯ ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟ್ ತಂದೆಗೆ ಸಂಭ್ರಮದಿಂದ ಪತ್ರ ಬರೆದ. 1813ರಲ್ಲಿ ಬೀಥೋವನ್‌ನ ಏಳನೆಯ ಸಿಂಫನಿ ಮೊದಲು ಕೇಳಿಸಿದಾಗ ಎರಡನೆಯ ಭಾಗವನ್ನು ಮತ್ತೆ ನುಡಿಸಿ ಎಂದು ಜನ ಪಟ್ಟುಹಿಡಿದರು, ನುಡಿಸಿದರು ಕೂಡ. ಆದ್ದರಿಂದ ತಪ್ಪಿ ನಡುವೆ ತಟ್ಟಿದರೆ ಅಪರಾಧವಾಯಿತೆಂದು ಕುಗ್ಗಬೇಕಾಗಿಲ್ಲ; ತಿರುಗಿ ಗುರಾಯಿಸುವವರಿಗೆ ಚರಿತ್ರೆ ಗೊತ್ತಿಲ್ಲ ಅಷ್ಟೆ.

ಭಾಗಗಳನ್ನು ಎಣಿಸುತ್ತ ಹೋಗಬಹುದು, ಆದರೆ ಬೀಥೋವನ್‌ನ ಐದನೆಯದರಲ್ಲಿ ಆದಂತೆ ಎರಡು ಭಾಗಗಳು ಬೆಸೆದುಕೊಂಡರೆ ಲೆಕ್ಕ ತಪ್ಪುತ್ತದೆ. ಕಂಡಕ್ಟರ್‌ನ ಕೈಗಳನ್ನು ನೋಡುವುದೇ ಭದ್ರವಾದ ಉಪಾಯ. ಭಾಗ ಮುಗಿದಾಗ ಕೈ ಅರ್ಧ ಎತ್ತರದಲ್ಲೇ ಇರುತ್ತದೆ, ವಾದಕರೂ ಸಡಿಲವಾಗುವುದಿಲ್ಲ. ಕೃತಿ ಮುಗಿದಾಗ ಕೈಗಳು ಪೂರ್ತಿ ಕೆಳಗಿಳಿಯುತ್ತವೆ, ಕಮಾನುಗಳು ಇಳಿಯುತ್ತವೆ, ಕಂಡಕ್ಟರ್ ನಮ್ಮ ಕಡೆ ತಿರುಗುತ್ತಾರೆ.

ಮೂರು ಜಾಗಗಳಲ್ಲಿ ಅನುಭವಸ್ಥರೂ ಮೋಸಹೋಗುತ್ತಾರೆ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಮೂರನೆಯ ಭಾಗ ಗೆಲುವಿನ ಅಬ್ಬರದಲ್ಲಿ ಮುಗಿಯುತ್ತದೆ. ನಿಜವಾದ ಕೊನೆ ಅದರ ನಂತರದ ನಿಧಾನವಾದ, ದುಃಖದ ನಾಲ್ಕನೆಯ ಭಾಗದಲ್ಲಿದೆ. ಅವನದೇ ಐದನೆಯದರ ಕೊನೆಯ ಭಾಗದಲ್ಲಿ ದೊಡ್ಡ ಮೊಳಗಿನ ನಂತರ ಒಂದು ನಿಲುಗಡೆ ಬರುತ್ತದೆ, ಮುಗಿಯಿತೆಂದು ಕೈ ಎತ್ತುವಷ್ಟರಲ್ಲಿ ಮೆರವಣಿಗೆ ಮತ್ತೆ ಹೊರಡುತ್ತದೆ. ಸಿಬೇಲಿಯಸ್‌ನ ಐದನೆಯದು ಬಿಡಿಬಿಡಿಯಾದ ಆರು ಹೊಡೆತಗಳಲ್ಲಿ ಮುಗಿಯುತ್ತದೆ, ನಡುನಡುವೆ ಉದ್ದನೆಯ ಮೌನ. ಆರನ್ನೂ ಎಣಿಸಿ.

ನನ್ನ ಕೇಳಿಕೆ ಒಂದೇ. ಮೆಲುದನಿಯಲ್ಲಿ ಮುಗಿಯುವ ಕೃತಿಗೆ ಮೊದಲಿಗರಾಗಿ ಚಪ್ಪಾಳೆ ತಟ್ಟಬೇಡಿ. ಕಂಡಕ್ಟರ್‌ನ ಕೈ ಇಳಿಯುವವರೆಗಿನ ಆ ಮೌನವೂ ಕೃತಿಗೆ ಸೇರಿದ್ದು. ಗೊತ್ತೆಂದು ತೋರಿಸಿಕೊಳ್ಳಲು ಅದರೊಳಗೆ ‘ಬ್ರಾವೋ’ ಎಂದು ಕೂಗುವವರಿಗಿಂತ, ಗೊತ್ತಿಲ್ಲದೆ ಭಾಗಗಳ ನಡುವೆ ತಟ್ಟುವವರೇ ವಾಸಿ.

ವಿರಾಮ, ಮತ್ತು ಮುಗಿದ ಮೇಲೆ

ವಿರಾಮ ಹದಿನೈದರಿಂದ ಇಪ್ಪತ್ತು ನಿಮಿಷ. ಶೌಚಾಲಯದ ಸಾಲು ಉದ್ದವಿರುತ್ತದೆ, ಬೇಗ ಹೋಗಿ. ಸಮಯ ಉಳಿದರೆ ಪಿಯಾನೊವನ್ನು ಸರಿಸಿ ಕುರ್ಚಿಗಳನ್ನು ಮರುಜೋಡಿಸುವುದನ್ನು ನೋಡಿ; ಹೊಸದಾಗಿ ಬಂದು ಸೇರುವ ವಾದ್ಯಗಳಿಂದ ಮುಂದಿನ ಕೃತಿಯ ಅಂದಾಜು ಸಿಗುತ್ತದೆ.

ಕೊನೆಯಲ್ಲಿ ಕಂಡಕ್ಟರ್ ಒಳಗೆ ಹೋಗಿ ಮತ್ತೆ ಬರುತ್ತಾರೆ, ಹಲವು ಸಲ. ಪ್ರತಿ ಸಲ ಒಬ್ಬೊಬ್ಬರನ್ನು ಬೆರಳು ತೋರಿಸಿ ಎಬ್ಬಿಸುತ್ತಾರೆ: ಕೋರ್ ಆಂಗ್ಲೆಯವರು, ಹಾರ್ನ್‌ನವರು, ಟಿಂಪನಿಯವರು. ನಿಮಗೆ ಹಿಡಿಸಿದವರು ಎದ್ದಾಗ ಜೋರಾಗಿ ತಟ್ಟಿ. ತಂತಿವಾದಕರು ಕಮಾನಿನಿಂದ ಸ್ಟ್ಯಾಂಡನ್ನು ಬಡಿಯುವುದು, ಕಾಲಿನಿಂದ ನೆಲ ಕುಟ್ಟುವುದು ಅವರ ಚಪ್ಪಾಳೆ. ಎದ್ದು ನಿಲ್ಲುವುದು ಕಡ್ಡಾಯವಲ್ಲ. ಏಕವಾದಕರು ಪಟ್ಟಿಯಲ್ಲಿಲ್ಲದ ಒಂದು ಚಿಕ್ಕ ರಚನೆಯನ್ನು ನುಡಿಸಬಹುದು. ಅದರ ಹೆಸರನ್ನು ಹಲವು ಕಡೆ ಹೊರಗಿನ ಫಲಕದಲ್ಲಿ ಬರೆದಿಡುತ್ತಾರೆ.

ಮುಂದಿನ ಟಿಕೆಟನ್ನು ಆರಿಸಲು ಪುಸ್ತಿಕೆಯ ಹಿಂಬದಿಯ ಜಾಹೀರಾತಿಗಿಂತ ನಿಮ್ಮ ಕಣ್ಣನ್ನು ನಂಬಿ. ಹೆಚ್ಚು ಹೊತ್ತು ಯಾವ ವಾದ್ಯವನ್ನು ನೋಡುತ್ತಿದ್ದಿರಿ? ಕ್ಲಾರಿನೆಟ್ ಆಗಿದ್ದರೆ ಮೊಜಾರ್ಟ್ 1791ರಲ್ಲಿ ಬರೆದ ಕ್ಲಾರಿನೆಟ್ ಕನ್ಚೆರ್ಟೊ ಎಲ್ಲಿ ನಡೆಯುತ್ತದೆಂದು ಹುಡುಕಿ. ಚೆಲ್ಲೊ ಆಗಿದ್ದರೆ ಡ್ವೊರ್ಜಾಕ್‌ನ ಚೆಲ್ಲೊ ಕನ್ಚೆರ್ಟೊ. ಹಾರ್ನ್‌ಗೆ ಮೊಜಾರ್ಟ್‌ನದೇ ನಾಲ್ಕಿವೆ. ಆರಿಸಲು ಆಗದೆ ಕಣ್ಣು ಎಲ್ಲ ಕಡೆ ಅಲೆದಿದ್ದರೆ ಬಾರ್ಟೋಕ್ 1943ರಲ್ಲಿ ಬರೆದ ‘ಆರ್ಕೆಸ್ಟ್ರಾಗಾಗಿ ಕನ್ಚೆರ್ಟೊ’ ಇದೆ. ಅದರ ಎರಡನೆಯ ಭಾಗದಲ್ಲಿ ಬಸೂನ್, ಒಬೊ, ಕ್ಲಾರಿನೆಟ್, ಫ್ಲೂಟ್, ಟ್ರಂಪೆಟ್‌ಗಳು ಇಬ್ಬಿಬ್ಬರಾಗಿ ಸರದಿಯಲ್ಲಿ ಮುಂದೆ ಬರುತ್ತವೆ. ಅದಕ್ಕೂ ಬಾಲ್ಕನಿಯಲ್ಲೇ ಕೂರಿ.